ಜಲಜಕ್ಕ ತೂಕಡಿಸಿದ ನಲವತ್ತು ನಿಮಿಷ

ಮೊನ್ನೆ ನಮ್ಮಲ್ಲಿಗೆ ಬಂದ ಅಜ್ಜಿಯೊಬ್ಬರ ತಲೆಗೆ ವೈರು ಅಂಟಿಸಲು ಕೂದಲು ಬಿಡಿಸಿದೆ. ಬೆರಳಿಗೆಲ್ಲ ತೆಂಗಿನೆಣ್ಣೆ ಮೆತ್ತಿಕೊಂಡಿತು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸುತ್ತಿದ್ದ ಹಾಗೆ ಎಣ್ಣೆಯೂ ಸ್ಪಿರಿಟ್ಟೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದ ಹೊಸ ನರ್ಸ್ ಮುಖ ಕಿವುಚಿದಳು. ನನಗೆ ನಗು ಬಂತು. ಆ ವಾಸನೆ ನನ್ನನ್ನು ಸೀದಾ ಕೊಪ್ಪಕ್ಕೆ, ಎರಡು ಸಾವಿರದ ಆರನೇ ಇಸವಿಯ ಚಳಿಗಾಲಕ್ಕೆ ಕರೆದುಕೊಂಡು ಹೋಯಿತು.

ನನ್ನ ಕೆಲಸ ನಿದ್ದೆ ಅಳೆಯುವುದು. ಹೇಳಿದರೆ ಜನ ನಗುತ್ತಾರೆ, ನಗಲಿ. ಮನುಷ್ಯ ರಾತ್ರಿಯಿಡೀ ಕೊರಡಿನ ಹಾಗೆ ಬಿದ್ದುಕೊಂಡಿದ್ದರೂ ಒಳಗೆ ಎಚ್ಚರ ಏರುತ್ತಲೂ ಇಳಿಯುತ್ತಲೂ ಇರುತ್ತದೆ. ತಲೆ, ಕಣ್ಣಂಚು, ಗದ್ದ, ಎರಡೂ ಮೊಣಕಾಲ ಕೆಳಗೆ ವೈರು ಅಂಟಿಸಿ, ಎದೆಗೆ ಹೊಟ್ಟೆಗೆ ಪಟ್ಟಿ ಬಿಗಿದು, ಮೂಗಿನ ಕೆಳಗೊಂದು ಬೆರಳಿಗೊಂದು ಕ್ಲಿಪ್ಪು ಸಿಕ್ಕಿಸಿದರೆ, ಅದೆಲ್ಲ ಕಂಪ್ಯೂಟರಿನಲ್ಲಿ ಸಾಲುಸಾಲು ಗೆರೆಗಳಾಗಿ ಓಡುತ್ತದೆ. ನಿದ್ದೆಯ ನಡುವೆ ಮಿದುಳಿನ ಗೆರೆ ಮೂರು ಸೆಕೆಂಡಾದರೂ ಚುರುಕಾಯಿತೋ, ಅಲ್ಲಿ ನಾನೊಂದು ಗುರುತು ಹಾಕಬೇಕು. ಅದು ಅರೆಗಳಿಗೆಯ ಎಚ್ಚರ. ಮಲಗಿದವನಿಗೆ ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ. ಆದರೆ ಅಂಥ ಎಚ್ಚರಗಳು ಲೆಕ್ಕ ಮೀರಿದರೆ ಎಂಟು ಗಂಟೆ ಮಲಗಿಯೂ ಆತ ನಿದ್ದೆಗೆಟ್ಟವನೇ.

ಆ ವರ್ಷ ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಸಂಸ್ಥೆ, ಎಸ್ಟೇಟಿನ ಕೂಲಿಯವರ ಮತ್ತು ಡ್ರೈವರುಗಳ ನಿದ್ದೆ ಹೇಗಿದೆ ನೋಡೋಣ ಎಂದು ನನ್ನನ್ನೂ ಒಂದು ಪೆಟ್ಟಿಗೆ ಯಂತ್ರವನ್ನೂ ಮಲೆನಾಡಿಗೆ ಕಳಿಸಿತು. ನನಗೆ ಇಪ್ಪತ್ತಾರು ವರ್ಷ, ಊರು ತುಮಕೂರು. ಮೊದಲು ಎನ್.ಆರ್.ಪುರದಲ್ಲಿ ಎರಡು ವಾರ, ಆಮೇಲೆ ಶೃಂಗೇರಿ ಕಡೆ ಮೆಣಸೆ, ಬೇಗಾರ್ ಸುತ್ತಮುತ್ತ, ಕೊನೆಗೆ ಕೊಪ್ಪದ ಒಂದು ಸಣ್ಣ ಆಸ್ಪತ್ರೆಯ ಎರಡು ಕೋಣೆ. ಒಂದರಲ್ಲಿ ಮಂಚ, ಇನ್ನೊಂದರಲ್ಲಿ ಕಂಪ್ಯೂಟರು ಮತ್ತು ನಾನು. ನಡುವೆ ಹಲಗೆಯ ಗೋಡೆ. ರಾತ್ರಿ ಎಚ್ಚರವಿದ್ದು ಹಗಲು ಓಡಾಡುವವಳು ನಾನಾದ್ದರಿಂದ ಬಸ್ಸು ಹತ್ತಿದ ಕೂಡಲೇ ನನಗೆ ಕಣ್ಣು ಮುಚ್ಚುತ್ತಿತ್ತು. ಕಂಡಕ್ಟರು ಇಡೀ ಬಸ್ಸಿಗೆ ಕೇಳುವ ಹಾಗೆ, "ನಿದ್ದೆ ಮೇಡಂ, ಕೊಪ್ಪ ಬಂತು, ಏಳಿ ಮಾರಾಯ್ರೆ!" ಎನ್ನುತ್ತಿದ್ದ. ಮೂರು ತಾಲ್ಲೂಕಿನಲ್ಲೂ ಅದೇ ನನ್ನ ಹೆಸರಾಯಿತು.

ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು, ಬರುತ್ತದೆ ಎಂಬ ಜಂಬವೂ ಇತ್ತು. ಗೆರೆ ನೋಡಿದರೆ ಸಾಕು, ಮಲಗಿದವನ ಜಾತಕ ಹೇಳುತ್ತೇನೆ ಎನ್ನುತ್ತಿದ್ದೆ.

ಸೂರಪ್ಪ ಬಂದದ್ದು ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ. ಬಸರೀಕಟ್ಟೆಯ ಎಸ್ಟೇಟೊಂದರಲ್ಲಿ ಹದಿನೆಂಟು ವರ್ಷದಿಂದ ಜೀಪು ಓಡಿಸುತ್ತಿದ್ದವನು. ಕೊಯ್ಲಿನ ಹೆಂಗಸರನ್ನು ಬೆಳಿಗ್ಗೆ ತುಂಬಿಕೊಂಡು ಹೋಗಿ ಸಂಜೆ ಬಿಡುವುದು ಅವನ ಕೆಲಸ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಮಟಮಟ ಮಧ್ಯಾಹ್ನ, ಹೆಂಗಸರನ್ನು ಬೇರೆ ತೋಟಕ್ಕೆ ಕರೆದೊಯ್ಯುವಾಗ ತಿರುವಿನಲ್ಲಿ ಜೀಪು ಚರಂಡಿಗಿಳಿಯಿತು. ಒಬ್ಬಳ ಕೈ ಮುರಿಯಿತು. ಸೂರಪ್ಪನ ಹೆಂಡತಿ ಜಲಜಕ್ಕನೂ ಆ ಜೀಪಿನಲ್ಲೇ ಇದ್ದಳು. ಕುಡಿದು ಓಡಿಸಿದ ಎಂದು ಊರು ಮಾತಾಡಿತು. ಎಸ್ಟೇಟಿನ ಗೌಡರು ಕೀ ಕಸಿದುಕೊಂಡು ಅವನನ್ನು ಕಣದಲ್ಲಿ ಒಣಗಲು ಹರಡಿದ ಕಾಫಿಯನ್ನು ಹಲಗೆಯಿಂದ ಕೆದಕುವ ಕೆಲಸಕ್ಕೆ ಹಾಕಿದರು.

ಅವನನ್ನು ನನ್ನ ಹತ್ತಿರ ಕರೆತಂದವರೂ ಆ ಗೌಡರೇ. "ಇವ್ನು ಕುಡಿಯಲ್ಲ ಅಂತ ನಂಗೆ ಗೊತ್ತು. ಆದ್ರೆ ಕಣದಲ್ಲಿ ಹಲಗೆ ಹಿಡ್ಕೊಂಡು ನಿಂತಲ್ಲೇ ನಿದ್ದೆ ಮಾಡ್ತಾನೆ ಮಾರಾಯ್ರೆ. ಇಂಥೋನ ಕೈಗೆ ಇಪ್ಪತ್ತು ಜನರ ಜೀವ ಹೆಂಗೆ ಕೊಡ್ಲಿ ಹೇಳಿ? ನೀವೊಂದು ನೋಡಿ ಹೇಳಿ. ಸರಿ ಇದಾನೆ ಅಂದ್ರೆ ನಾಳೆನೇ ಕೀ ಕೊಡ್ತೀನಿ" ಎಂದರು.

ಸೂರಪ್ಪ ದಪ್ಪ ಕುತ್ತಿಗೆಯ, ಮಾತು ಕಡಿಮೆಯ ಮನುಷ್ಯ. ಗೌಡರು ಹೊರಗೆ ಹೋದ ಮೇಲೆ ಒಂದೇ ಮಾತು ಹೇಳಿದ. "ಜೀಪು ಬಿಟ್ರೆ ನಂಗೆ ಬೇರೆ ಎಂತದೂ ಬರಲ್ಲ ಮೇಡಂ."

ಮೊದಲ ರಾತ್ರಿ ಹಾಳಾಯಿತು. ನಾನು ಹಿಂದಿನ ದಿನವೇ, ತಲೆ ತೊಳೆದುಕೊಂಡು ಬನ್ನಿ ಎಂದು ಹೇಳಿದ್ದೆ. ಜಲಜಕ್ಕ ತೊಳೆದದ್ದೇನೋ ನಿಜ. ತೊಳೆದ ಮೇಲೆ, ಆಸ್ಪತ್ರೆಯಲ್ಲಿ ಗಂಡನಿಗೆ ತಂಪಾಗಿ ನಿದ್ದೆ ಹತ್ತಲಿ ಎಂದು ಅರ್ಧ ಬಟ್ಟಲು ತೆಂಗಿನೆಣ್ಣೆ ನೆತ್ತಿಗೆ ತಟ್ಟಿದ್ದಳು. ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು. ನಾನು ಸ್ಪಿರಿಟ್ಟಿನಲ್ಲಿ ಎಷ್ಟು ಉಜ್ಜಿದರೂ ಅಂಟು ಹಿಡಿಯಲಿಲ್ಲ. ಒಂದು ವೈರು ಕೂರಿಸಿದರೆ ಇನ್ನೊಂದು ಜಾರುತ್ತಿತ್ತು. "ನಿದ್ದೆ ನೋಡೋರಲ್ದ ನೀವು? ಚೆನ್ನಾಗಿ ನಿದ್ದೆ ಬರ್ಲಿ ಅಂತ ಹಚ್ಚಿದೆ" ಎಂದು ಜಲಜಕ್ಕ ಪೆಚ್ಚಾಗಿ ನಿಂತಳು. ಬೈಯಲು ಬಾಯೇ ಬರಲಿಲ್ಲ. ಮಾರನೆಯ ದಿನ ಅಂಟುವಾಳಕಾಯಿ ನೆನೆಸಿ, ಆಸ್ಪತ್ರೆಯ ಹಿಂದಿನ ನಲ್ಲಿಯ ಕೆಳಗೆ ಗಂಡನನ್ನು ಕೂರಿಸಿ, ನಾನು ಸಾಕು ಎನ್ನುವವರೆಗೂ ತಿಕ್ಕಿದಳು. ಚಳಿಗೆ ಸೂರಪ್ಪ ಹಲ್ಲು ಕಡಿಯುತ್ತಿದ್ದ.

ಎರಡನೆಯ ರಾತ್ರಿ ಎಲ್ಲ ಸರಿಯಾಯಿತು. ರೋಗಿಯ ಕಡೆಯವರು ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುವುದು ಅಲ್ಲಿನ ಪದ್ಧತಿ. ಜಲಜಕ್ಕನೂ ಹಾಗೇ ಮಲಗಿದಳು. ದೀಪ ಆರಿಸಿ ನಾನು ನನ್ನ ಕೋಣೆಗೆ ಬಂದೆ. ಸೂರಪ್ಪನ ಗೊರಕೆ ಹಲಗೆಯ ಗೋಡೆಯನ್ನು ನಡುಗಿಸುತ್ತಿತ್ತು. ಪರದೆಯ ಮೇಲೆ ಅರೆಗಳಿಗೆಯ ಎಚ್ಚರಗಳು ಒಂದರ ಹಿಂದೊಂದು ಬರತೊಡಗಿದವು. ಗುರುತು ಹಾಕಿ ಹಾಕಿ ನನ್ನ ಕೈ ಸೋತಿತು. ಪ್ರತಿ ಎಚ್ಚರಕ್ಕೂ ಒಂದು ಕ್ಷಣ ಮೊದಲು ಎಡಗಾಲಿನ ಗೆರೆ ಚಿಮ್ಮುತ್ತಿತ್ತು. ಮೊದಲು ಕಾಲು, ಆಮೇಲೆ ಮಿದುಳು. ನಿದ್ದೆಯಲ್ಲಿ ಕಾಲು ತಾನಾಗಿ ಜಗ್ಗುವ ಕಾಯಿಲೆಯೊಂದಿದೆ. ಪುಸ್ತಕದಲ್ಲಿ ಬರೆದಂತೆಯೇ ಇತ್ತು.

ವರದಿ ಕೊಡುವುದು ಬೆಂಗಳೂರಿನ ವೈದ್ಯರ ಕೆಲಸ, ಗುರುತು ಹಾಕುವುದಷ್ಟೇ ನನ್ನದು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! ಬೆಳಿಗ್ಗೆ ಗೌಡರ ಎದುರಿಗೇ ಹೇಳಿಬಿಟ್ಟೆ. "ಇದು ಕಾಲು ಸೆಳೆತ. ದೊಡ್ಡ ಕಾಯಿಲೆಯೇನಲ್ಲ, ಮಾತ್ರೆಗೆ ಹೋಗುತ್ತದೆ."

ಗೌಡರ ಮುಖ ಅರಳಿತು. "ಅಷ್ಟೇನಾ? ಹಂಗಾದ್ರೆ ಸೋಮವಾರದಿಂದ ಜೀಪು ನಿಂದೇ ಮಾರಾಯ. ಇಲ್ಲಿಗೇ ತರ್ತೀನಿ, ಮಾತ್ರೆ ಇಸ್ಕೊಂಡು ಹತ್ತು" ಎಂದು ಸೂರಪ್ಪನ ಬೆನ್ನು ತಟ್ಟಿದರು. ಸೂರಪ್ಪ ಮೊದಲ ಸಲ ನಕ್ಕ. ಜಲಜಕ್ಕ ನಗಲಿಲ್ಲ. ನನಗೆ ಅದು ಕಂಡಿತು, ಆದರೆ ಯಾಕೆ ಎಂದು ಕೇಳುವಷ್ಟು ಪುರುಸೊತ್ತು ನನ್ನ ಜಂಬಕ್ಕೆ ಇರಲಿಲ್ಲ.

ಅದು ಶುಕ್ರವಾರ. ಶನಿವಾರ ಕೂತು ಇಡೀ ರಾತ್ರಿಯ ಗೆರೆಗಳನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಜಂಬವಿತ್ತೇ ಹೊರತು ನಾನು ಕೆಲಸಕ್ಕೆ ಕಳ್ಳಬೀಳುವವಳಲ್ಲ. ನೋಡುತ್ತ ನೋಡುತ್ತ ನನ್ನ ತಪ್ಪು ಕಾಣತೊಡಗಿತು. ಕಾಲು ಸೆಳೆತಕ್ಕೆ ಅದರದೇ ತಾಳವಿರುತ್ತದೆ, ಉಸಿರು ಏನು ಮಾಡುತ್ತಿದೆ ಎಂದು ಅದು ನೋಡುವುದಿಲ್ಲ. ಸೂರಪ್ಪನ ಕಾಲು ಮಾತ್ರ ಉಸಿರನ್ನು ಕಾಯುತ್ತಿತ್ತು. ಗೊರಕೆ ಏರುತ್ತಿತ್ತು, ಥಟ್ಟನೆ ಉಸಿರು ಕಟ್ಟುತ್ತಿತ್ತು, ಏಳೆಂಟು ಸೆಕೆಂಡು ಕಳೆಯುತ್ತಿದ್ದಂತೆ ಎಡಗಾಲು ಚಿಮ್ಮುತ್ತಿತ್ತು, ಮಿದುಳು ಎಚ್ಚರವಾಗಿ ಉಸಿರು ಬರುತ್ತಿತ್ತು. ಯಾವಾಗಲೂ ಎಡಗಾಲೇ. ಇನ್ನೂ ಒಂದು ವಿಚಿತ್ರ. ಮೂರು ಹತ್ತರಿಂದ ಮೂರು ಐವತ್ತರವರೆಗೆ ಕಾಲು ಒಮ್ಮೆಯೂ ಅಲುಗಿರಲಿಲ್ಲ. ಆ ನಲವತ್ತು ನಿಮಿಷ ಉಸಿರು ಕಟ್ಟಿದ್ದು ಕಟ್ಟಿದಂತೇ ಅರ್ಧ ನಿಮಿಷ, ಮುಕ್ಕಾಲು ನಿಮಿಷ ನಿಲ್ಲುತ್ತಿತ್ತು, ರಕ್ತದ ಆಮ್ಲಜನಕ ಕುಸಿಯುತ್ತಿತ್ತು. ಕೊನೆಗೆ ಮಿದುಳು ತಾನಾಗಿ ಎಚ್ಚೆತ್ತು ಉಸಿರು ಎಳೆದುಕೊಳ್ಳುತ್ತಿತ್ತು.

ಕಾಯಿಲೆ ಕಾಲಿನದಲ್ಲ, ಗಂಟಲಿನದು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುವ ಕಾಯಿಲೆ, ಅದೂ ಜೋರಾಗಿಯೇ ಇದೆ. ಇಂಥವನು ಸ್ಟೇರಿಂಗ್ ಹಿಡಿದರೆ ಚರಂಡಿ ಅಲ್ಲ, ಪ್ರಪಾತ. ಮತ್ತೆ ಆ ಕಾಲು? ಉಸಿರು ನಿಂತದ್ದನ್ನು ಕಿವಿಗೊಟ್ಟು ಕೇಳಿ ಕಾಲು ಅಲುಗಿಸುವವರು ಯಾರೋ ಇರಬೇಕು. ಆ ಕೋಣೆಯಲ್ಲಿ ಇದ್ದದ್ದು ಇನ್ನೊಬ್ಬರೇ.

ಭಾನುವಾರ ಬೆಳಿಗ್ಗೆ ಸಿಕ್ಕಿದ ಜೀಪು ಹತ್ತಿ ಬಸರೀಕಟ್ಟೆಗೆ ಹೋದೆ. ಸೂರಪ್ಪ ಅಂಗಡಿಗೆ ಹೋಗಿದ್ದ. ಎಸ್ಟೇಟಿನ ಕೂಲಿಯವರ ಸಾಲಿನ ಲೈನ್ ಮನೆಯ ಮುಂದೆ ಜಲಜಕ್ಕ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಕೈ ಒರೆಸಿಕೊಂಡು ಎದ್ದಳು. ನಾನು ನೇರವಾಗಿ ಕೇಳಿದೆ.

"ಜಲಜಕ್ಕ, ಮೊನ್ನೆ ರಾತ್ರಿ ಮೂರು ಗಂಟೆ ಮೇಲೆ ನಲವತ್ತು ನಿಮಿಷ ಎಲ್ಲಿದ್ರಿ?"

ಅವಳ ಮುಖ ಬಿಳಿಚಿಕೊಂಡಿತು. "ಎಲ್ಲಿಗೂ ಹೋಗ್ಲಿಲ್ಲ ಮೇಡಂ, ಅಲ್ಲೇ ಇದ್ದೆ. ಒಂಚೂರು... ಒಂಚೂರು ಕಣ್ಣು ಹತ್ತಿಬಿಡ್ತು." ಆಮೇಲೆ ದನಿ ತಗ್ಗಿಸಿ, "ಅದೂ ಗೊತ್ತಾಗ್ತದ ಆ ಮಿಷನ್ನಿಗೆ? ಇವ್ರಿಗೆ ಹೇಳ್ಬೇಡಿ" ಎಂದಳು.

ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಸೂರಪ್ಪ ಮಲಗುವುದು ಮುಂದಿನ ಕೋಣೆಯಲ್ಲಿ. ಗೊರಕೆಗೆ ಮಕ್ಕಳು ಏಳುತ್ತಾರೆಂದು ಅವಳು ಅವರ ಜೊತೆ ಒಳಕೋಣೆಯಲ್ಲಿ. ಗೋಡೆಯ ತಳದ ತೂತಿನಲ್ಲಿ ಹಳೆ ಸೀರೆಯ ಅಂಚು ಹರಿದು ಮಾಡಿದ ದಾರ. ಒಂದು ತುದಿ ಅವನ ಎಡಗಾಲಿನ ಹೆಬ್ಬೆರಳಿಗೆ, ಇನ್ನೊಂದು ಅವಳ ಕೈಗೆ. ಗೊರಕೆ ನಿಂತು ಮೌನವಾದರೆ ಅವಳು ದಾರ ಜಗ್ಗುತ್ತಾಳೆ. ಆಸ್ಪತ್ರೆಯಲ್ಲೂ ದೀಪ ಆರಿದ ಮೇಲೆ ಅದನ್ನೇ ಕಟ್ಟಿದ್ದಳು. ನಾನು ವೈರು ಬಿಚ್ಚಲು ಬರುವ ಮೊದಲು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದ್ದಳು.

"ಎಷ್ಟು ವರ್ಷದಿಂದ?"

"ಸಣ್ಣೋನು ಹುಟ್ಟಿದ ವರ್ಷದಿಂದ. ಅವ್ನಿಗೀಗ ಹತ್ತು ಆಯ್ತು."

"ಸೂರಪ್ಪನಿಗೆ ಗೊತ್ತಾ?"

"ದಾರ ಗೊತ್ತು. ಗೊರಕೆ ಜೋರಾದ್ರೆ ಒಂದೆರಡು ಸಲ ಎಳೀತಾಳೆ ಅಂದ್ಕೊಂಡಿದಾರೆ. ರಾತ್ರಿಯಿಡೀ ಅಂತ ಗೊತ್ತಿಲ್ಲ. ಗೊತ್ತಾದ್ರೆ ಅವ್ರಿಗೆ ನಿದ್ದೆ ಬರ್ತದ ಹೇಳಿ?"

ಹತ್ತು ವರ್ಷ! ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಇವಳಿಗೆ ಮನೆಯಲ್ಲೇ ಇರಲಿಲ್ಲ. ರಾತ್ರಿಯೆಲ್ಲ ಅವನ ಉಸಿರು ಕಾಯ್ದು, ಬೆಳಿಗ್ಗೆ ಅವನದೇ ಜೀಪಿನಲ್ಲಿ ಕೂತು ಅವನ ಕಣ್ಣು ಕಾಯ್ದು, ಹಗಲೆಲ್ಲ ಕಾಫಿ ಕೊಯ್ದವಳು. ಮೊನ್ನೆ ರಾತ್ರಿ ನಾನು ಸೂರಪ್ಪನ ಮೈಗೆ ವೈರು ಅಂಟಿಸಿ ಅಳೆದದ್ದು ಅವಳ ಎಚ್ಚರವನ್ನು. ಅವಳು ಎಚ್ಚರವಿದ್ದಷ್ಟು ಹೊತ್ತು ಅವನ ಕಾಲಿನ ಗೆರೆಯಲ್ಲಿ ಬರೆದಿತ್ತು. ಅವಳು ಸೋತು ತೂಕಡಿಸಿದ ನಲವತ್ತು ನಿಮಿಷವೂ ಬರೆದಿತ್ತು. ಅದನ್ನು ಕಾಲು ಸೆಳೆತ ಎಂದವಳು ನಾನು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡೆ, ಯಾಕೆಂದರೆ ಕೆಲಸ ಬಾಕಿ ಇತ್ತು.

"ಇವತ್ತು ರಾತ್ರಿ ಇನ್ನೊಂದು ಸಲ ನೋಡಬೇಕು ಜಲಜಕ್ಕ. ನೀವು ಪಕ್ಕದಲ್ಲಿ ಇರಬಾರದು. ಹೆರಿಗೆ ವಾರ್ಡಿನಲ್ಲಿ ಒಂದು ಮಂಚ ಖಾಲಿ ಇದೆ, ಅಲ್ಲಿ ಮಲಗಿ."

"ಅದು ಆಗ್ಲಿಕ್ಕಿಲ್ಲ. ಉಸಿರು ನಿಂತ್ರೆ?"

"ನೀವು ತೂಕಡಿಸಿದಾಗಲೂ ನಿಂತಿತ್ತು. ಪ್ರತಿ ಸಲವೂ ಅವರ ತಲೆಯೇ ಅವರನ್ನ ಎಬ್ಬಿಸಿದೆ. ಒಂದು ಸಲವೂ ತಪ್ಪಿಲ್ಲ. ನಾನು ಎಣಿಸಿದೀನಿ."

ಅವಳು ಹೊರಗೆ ಬಂದು ಒಗೆಯುವ ಬಟ್ಟೆಯ ಮುಂದೆ ಕೂತಳು. ಬಕೆಟ್ಟಿನ ನೊರೆ ಇಳಿಯಿತು. ಆಮೇಲೆ ಕೇಳಿದಳು. "ಹಂಗಾದ್ರೆ ನಾನು ಇಷ್ಟು ವರ್ಷ ಎದ್ದಿದ್ದು ಸುಮ್ನೆಯ ಮೇಡಂ?"

ಆ ಪ್ರಶ್ನೆಗೆ ಸುಳ್ಳು ಹೇಳಿದರೆ ನನ್ನ ವಿದ್ಯೆಗೆ ಬೆಂಕಿ ಬೀಳಲಿ. ಅದೃಷ್ಟಕ್ಕೆ ಹೇಳಬೇಕಾದ ನಿಜ ಒಳ್ಳೆಯದೇ ಇತ್ತು. "ಸುಮ್ನೆ ಅಲ್ಲ. ಅವರ ತಲೆ ತಡವಾಗಿ ಎಬ್ಬಿಸುತ್ತೆ, ಅಷ್ಟರಲ್ಲಿ ರಕ್ತ ಸೊರಗಿರುತ್ತೆ. ನೀವು ಬೇಗ ಎಬ್ಬಿಸ್ತಿದ್ರಿ. ಆದರೆ ಈ ಕೆಲಸಕ್ಕೆ ಗಾಳಿ ಊದುವ ಯಂತ್ರ ಇದೆ. ಅದನ್ನ ಕೊಡಿಸಬೇಕಾದರೆ ಅವರ ಕಾಯಿಲೆ ಪೂರ್ತಿ ಕಾಣಬೇಕು. ನೀವು ಎಚ್ಚರವಿರೋತನಕ ಅದು ಕಾಣಲ್ಲ."

ಅಂಗಡಿಯಿಂದ ಬಂದ ಸೂರಪ್ಪನಿಗೆ, ಜಲಜಕ್ಕ ಬೇಡವೆಂದರೂ, ಅವಳು ರಾತ್ರಿಯಿಡೀ ಎದ್ದಿರುವುದನ್ನೂ ಸೇರಿಸಿ ಎಲ್ಲ ಹೇಳಿದೆ. ನಾಳೆಯ ಕೀ ಕೈತಪ್ಪುತ್ತದೆ ಎಂದು ತಿಳಿದು ಸಿಡುಕಿದ. "ಶುಕ್ರವಾರ ಒಂದು ಹೇಳಿದ್ರಿ, ಇವತ್ತು ಒಂದು ಹೇಳ್ತೀರಿ. ಗೌಡ್ರು ಹೆಂಗಸ್ರಿಗೆಲ್ಲ ಹೇಳಿ ಆಯ್ತು, ಸೂರಪ್ಪನೇ ಬರ್ತಾನೆ ಅಂತ. ಎಂತ ಮುಖ ಇಟ್ಕೊಂಡು ತಿರುಗ್ಲಿ ನಾನು?"

"ತಪ್ಪು ನಂದು" ಎಂದೆ. "ಗೌಡರಿಗೆ ನಾನೇ ಹೇಳ್ತೀನಿ. ಆದರೆ ಇವತ್ತು ರಾತ್ರಿ ಬನ್ನಿ." ಅವನು ಹೆಂಡತಿಯ ಮುಖ ನೋಡಿದ. ಅವಳು ಹೋಗಲು ಚೀಲ ತುಂಬುತ್ತಿದ್ದಳು.

ಆ ರಾತ್ರಿ ಹೆರಿಗೆ ವಾರ್ಡಿನಿಂದ ಎದ್ದು ನನ್ನ ಕೋಣೆಯ ಬಾಗಿಲಿಗೆ ಜಲಜಕ್ಕ ಮೂರು ಸಲ ಬಂದಳು. ಮೂರನೆಯ ಸಲ ಅವಳನ್ನು ಪರದೆಯ ಮುಂದೆ ಕೂರಿಸಿಕೊಂಡೆ. ಉಸಿರಿನ ಗೆರೆ ಚಪ್ಪಟೆಯಾಯಿತು. ಅವಳ ಕೈ ತಾನಾಗಿ ಮಡಿಲಲ್ಲಿ ಇಲ್ಲದ ದಾರವನ್ನು ಜಗ್ಗಿತು. ನಾನು ಆ ಕೈ ಹಿಡಿದುಕೊಂಡೆ. ಇಬ್ಬರೂ ಕಾದೆವು. ಮಿದುಳಿನ ಗೆರೆ ಚುರುಕಾಯಿತು, ಹಲಗೆಯಾಚೆ ಸೂರಪ್ಪ ಬುಸ್ಸೆಂದು ಉಸಿರೆಳೆದ. ಮತ್ತೆ ಚಪ್ಪಟೆ, ಮತ್ತೆ ಉಸಿರು. ಹೀಗೆ ಏಳೆಂಟು ಸಲ ನೋಡಿದಳು. ಎದ್ದು ಹೋದಳು, ಮತ್ತೆ ಬಾಗಿಲಿಗೆ ಬರಲಿಲ್ಲ.

ಬೆಳಿಗ್ಗೆ ಎದ್ದು ಕೂತ ಸೂರಪ್ಪನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಕಾಯಿಲೆ ಜೋರಾಗಿದೆ, ವಾಸಿಯಾಗುವವರೆಗೆ ಸ್ಟೇರಿಂಗ್ ಮುಟ್ಟಬಾರದು. "ಎಷ್ಟು ದಿನ?" ಎಂದ. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಬೆಂಗಳೂರಿನವರನ್ನು ಕಾಡಿ ಬೇಡಿ ಸಂಸ್ಥೆಯ ಹಳೆಯದೊಂದು ಯಂತ್ರ ತರಿಸಿದ್ದು, ಅದರ ಮೂಗುಪಟ್ಟಿ ಹಾಕಿಕೊಂಡು ಅವನು ನಿದ್ದೆ ಮಾಡಲು ಕಲಿತು ಮೇ ಹೊತ್ತಿಗೆ ಜೀಪಿಗೆ ಮರಳಿದ್ದು, ಇದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಅವನ ಮುಂದೆ ಇದ್ದದ್ದು ಮತ್ತೆ ಅದೇ ಕಾಫಿ ಕಣ. ತಲೆ ತಗ್ಗಿಸಿ ಕೂತಿದ್ದ. ಆಮೇಲೆ ತಲೆಯೆತ್ತಿ, "ಅವಳೆಲ್ಲಿ?" ಎಂದ.

"ಮಲಗಿದ್ದಾರೆ."

"ಇಷ್ಟು ಹೊತ್ತಾದ್ರೂ?" ಎಂದು ಎದ್ದ. ತಲೆಯ ವೈರುಗಳನ್ನು ಯಂತ್ರದಿಂದ ಕಳಚಿ ಒಟ್ಟುಮಾಡಿ ಅವನ ಹೆಗಲ ಮೇಲೆ ಹಾಕಿದೆ. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದ. ಜಲಜಕ್ಕ ಕಂಬಳಿ ಒದ್ದು, ಬಾಯಿ ತೆರೆದು, ಕೈಕಾಲು ಚೆಲ್ಲಿ ಮಲಗಿದ್ದಳು. ಪಕ್ಕದ ಮಂಚದಲ್ಲಿ ಎಳೆಗೂಸು ಕಿರುಚುತ್ತಿದ್ದರೂ ಅವಳ ರೆಪ್ಪೆ ಅಲುಗಲಿಲ್ಲ. ಅವಳು ಎಷ್ಟು ರಾತ್ರಿ ಎದ್ದಿದ್ದಳು ಎಂಬುದನ್ನು ನಿನ್ನೆ ಲೈನ್ ಮನೆಯಲ್ಲೇ ಅವನಿಗೆ ಹೇಳಿದ್ದೆ. ಅದು ಅವನಿಗೆ ತಟ್ಟಿದ್ದು ಈಗ.

"ಇವಳು ಮಲಗಿದ್ದು ನಾನು ನೋಡೇ ಇಲ್ಲ ಮೇಡಂ" ಎಂದ. "ನಾನು ಮಲಗೋವಾಗ ಎದ್ದಿರ್ತಾಳೆ, ಏಳೋವಾಗ ಎದ್ದಿರ್ತಾಳೆ."

ಹೊರಗೆ ಹಾರ್ನ್ ಆಯಿತು. ಗೌಡರು ಹೇಳಿದಂತೆ ಜೀಪು ತಂದಿದ್ದರು. ನಾನು ಹೊರಗೆ ಕಾಲಿಡುವಷ್ಟರಲ್ಲಿ ಸೂರಪ್ಪ ಬರಿಗಾಲಲ್ಲಿ, ಹೆಗಲಿಂದ ವೈರು ಇಳಿಬಿದ್ದಂತೆಯೇ ಅಂಗಳಕ್ಕೆ ಓಡಿದ್ದ. "ಬಾರ ಮಾರಾಯ, ಹೆಂಗಸ್ರೆಲ್ಲ ಕಾಯ್ತಾ ಇದಾರೆ" ಎಂದು ಗೌಡರು ಮತ್ತೆ ಹಾರ್ನಿಗೆ ಕೈ ಇಟ್ಟರು. ಸೂರಪ್ಪ ಕಿಟಕಿಯೊಳಗೆ ಕೈ ಹಾಕಿ ಇಂಜಿನ್ ಆರಿಸಿದ. ಕೀ ಕಿತ್ತು ಒಂದು ಗಳಿಗೆ ಅಂಗೈಯಲ್ಲಿ ಹಿಡಿದು ನೋಡಿದ. ಆಮೇಲೆ ಅದನ್ನು ಗೌಡರ ಕೈಗಿಟ್ಟ.

"ಇದು ನಿಮ್ಮ ಹತ್ರನೇ ಇರ್ಲಿ ಗೌಡ್ರೆ. ಮೇಡಂ ಎಲ್ಲ ಹೇಳ್ತಾರೆ. ನಾನು ಸಂಜೆ ಕಣಕ್ಕೆ ಬರ್ತೀನಿ. ಈಗ ಸದ್ದು ಮಾಡ್ಬೇಡಿ, ಜಲಜ ಮಲಗಿದಾಳೆ."

ಗೌಡರು ಅವನ ತಲೆಯ ವೈರುಗಳನ್ನು ನೋಡಿದರು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಇಂಜಿನ್ ಹಾಕದೆ ಗೇರು ಬಿಡಿಸಿದರು. ಆಸ್ಪತ್ರೆಯ ಅಂಗಳದಿಂದ ರಸ್ತೆಯವರೆಗೆ ಇಳಿಜಾರು. ಸೂರಪ್ಪ ಹಿಂದೆ ಹೋಗಿ, ಹದಿನೆಂಟು ವರ್ಷ ಓಡಿಸಿದ ಜೀಪಿಗೆ ಹೆಗಲು ಕೊಟ್ಟು, ಸದ್ದಾಗದ ಹಾಗೆ ಮೆಲ್ಲಗೆ ತಳ್ಳಿದ.